ಭಾವ ಮಡಿಸಿಟ್ಟ ಹಾಯಿಪಟ

ಪಣಜಿ, ೧೨-೧೧-೨೦೦೬

ದಿಬ್ಬೂರಹಳ್ಳಿಯ ಅಕ್ಕನಿಗೆ,

ನಿನ್ನ ಗಂಡ ಕ್ಷೇಮ. ದೋಣಿಯ ಕಥೆ ಬೇರೆ. ಹೋಟೆಲಿನ ಅತಿಥಿಗಳನ್ನು ಕಡಲಲ್ಲಿ ಸುತ್ತಾಡಿಸುವ ಗುತ್ತಿಗೆಯ ಮೇಲೆ ಭಾವನ ಕಣ್ಣಿತ್ತಲ್ಲ, ಅದಕ್ಕೆಂದು ಹೊಸ ಹಾಯಿಪಟ ಕೊಳ್ಳಲು ಹೋದೆವು. ಸುತ್ತಾಟಕ್ಕೆ ದಪ್ಪ ಬಟ್ಟೆಯದೇ ಸರಿ, ವರ್ಷಗಟ್ಟಲೆ ಬಾಳುತ್ತದೆ ಎಂದ ಪಾಲುದಾರ, ಕಾರವಾರದ ಫೆಲಿಕ್ಸ್. ಭಾವ ಅದನ್ನು ಬೆರಳಲ್ಲಿ ಉಜ್ಜಿ, "ಇದೇನಪ್ಪ, ಗೋಣಿಚೀಲ! ಆ ಮಿಂಚ್ತಿರೋದು ತೆಗಿ" ಅಂದರು. ಅದು ಪಂದ್ಯದ ದೋಣಿಯದು, ಕಾಗದದಂತೆ ಬಿರುಸು. ಸುರುಳಿ ಸುತ್ತಿಡಬೇಕು, ಮಡಿಸಬಾರದು ಎಂದು ಫೆಲಿಕ್ಸ್ ಬಡಕೊಂಡ.

"ಶಿಡ್ಲಘಟ್ಟದ ಸೀರೆ ಅಂಗಡೀಲಿ ಇಪ್ಪತ್ತು ವರ್ಷ ಮಡಿಸಿದೋನು ಕಣಪ್ಪ ನಾನು. ನಂಗೇ ಹೇಳ್ಕೊಡ್ತೀಯಾ?"

ದಿನಾ ಸಂಜೆ ರೇಷ್ಮೆ ಸೀರೆಯಂತೆ ಮಡಿಸಿ, ಬಿಳಿ ಪಂಚೆಯಲ್ಲಿ ಕಟ್ಟಿಟ್ಟರು.

ನಿನ್ನೆ ಹೋಟೆಲಿನ ಮ್ಯಾನೇಜರು ಪರೀಕ್ಷೆಗೆಂದು ದೋಣಿ ಹತ್ತಿದರು. ಗಾಳಿ ತುಂಬಿದ್ದೇ ತಡ, ಪಟ ಮಡಿಕೆ ಮಡಿಕೆಗೂ ಪರ್ರನೆ ಸೀಳಿತು. ಹುಟ್ಟು ಹಾಕಿಕೊಂಡು ದಡ ಸೇರಿದೆವು. ಗುತ್ತಿಗೆ ಹೋಯಿತು. ಆದರೆ ಗೆರೆ ಎಳೆದಂತೆ ನೇರವಾಗಿ ಹರಿದ ಪಟವನ್ನು ನೋಡಿ, ಇಷ್ಟು ಅಚ್ಚುಕಟ್ಟಾಗಿ ಮಡಿಸಿದವರು ಯಾರೆಂದು ಮ್ಯಾನೇಜರು ಕೇಳಿದರು. ನಾಳೆಯಿಂದ ಭಾವನಿಗೆ ಹೋಟೆಲಿನಲ್ಲಿ ಹಾಸಿಗೆ ಬಟ್ಟೆ ಮಡಿಸುವ ಕೆಲಸ.

ನನ್ನ ಶೀತ ವಾಸಿಯಾಗಿದೆ. ಮನೆಯ ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಬರುತ್ತೇನೆ.

"ಅಕ್ಕನಿಗೆ ಮಾತ್ರ ಬರಿ ಕಣೋ, ಊರಲ್ಲಿ ಯಾರ್ಗೂ ಗೊತ್ತಾಗ್ಬಾರ್ದು" ಅಂದಿದ್ದಾರೆ ಭಾವ. ಅದಕ್ಕೇ ಕವರು ಬಿಟ್ಟು ಕಾರ್ಡು ಕೊಂಡೆ. ಪೋಸ್ಟ್‌ಮ್ಯಾನ್ ಮುನಿನಾರಾಯಣಪ್ಪನವರೇ, ಓದಿ ಮುಗಿದ ಮೇಲೆ ದಯವಿಟ್ಟು ಅಕ್ಕನಿಗೆ ತಲುಪಿಸಿ.

ನಿನ್ನ ತಮ್ಮ,
ಅಂಬರೀಶ