ಸೌಟು ಹಿಡಿದ ಕೈ

ಅಪ್ಪ,

ನೀವು ತೀರಿಹೋದ ಮೇಲೆ ಅಮ್ಮ ಅರಸೀಕೆರೆಯ ಟಾಕೀಸಿಗೆ ಬಂದದ್ದು ಇವತ್ತೇ ಮೊದಲು. ಯುದ್ಧದ ಸಿನಿಮಾ. ಬಾಂಬಿನ ಸದ್ದಿಗೂ ಸುಮ್ಮನೆ ಕೂತಿದ್ದವಳು, ದಣಿದ ಸೈನಿಕರ ತಟ್ಟೆಗೆ ಯಾರೋ ಬೇಳೆಸಾರು ಬಡಿಸಿದಾಗ, “ನೋಡೇ ಹೇಮಾ, ನಿಮ್ಮಪ್ಪ!” ಎಂದು ಕೂಗಿಬಿಟ್ಟಳು. ಪರದೆಯ ಮೇಲೆ ಮುಖವೂ ಇರಲಿಲ್ಲ, ಸೌಟು ಹಿಡಿದ ಕೈಯಷ್ಟೇ.

“ನಿಮ್ಮೆಜಮಾನ್ರು ಯಾವ ಹೀರೋನಮ್ಮ?” ಹಿಂದಿನ ಸಾಲಿನವನೊಬ್ಬ ನಕ್ಕ.

ಅಮ್ಮ ನನ್ನ ಮುಖ ನೋಡಿದಳು. ನಾನು ಎಲ್ಲರಿಗೂ “ಅಪ್ಪ ಮಿಲಿಟರಿಯಲ್ಲಿದ್ದರು” ಎಂದಷ್ಟೇ ಹೇಳುವುದು ಅವಳಿಗೆ ಗೊತ್ತು.

ನಾನೇ ತಿರುಗಿ ಹೇಳಿದೆ: “ನಮ್ಮಪ್ಪ ಮಿಲಿಟರೀಲಿ ಅಡುಗೆ ಮಾಡ್ತಿದ್ರು. ರಜಕ್ಕೆ ಬಂದ್ರೆ ಮನೇಲೂ ಅವರೇ ಮಾಡೋರು. ಆ ರುಚಿ ಇನ್ನೆಲ್ಲೂ ಸಿಕ್ಕಿಲ್ಲ.”

ಅವನ ನಗು ನಿಂತಿತು. “ಪುಣ್ಯ ಮಾಡಿದ್ರಿ ಬಿಡಕ್ಕಾ,” ಎಂದ.

ಹೌದು ಅಂದೆ, ಅಪ್ಪ. ಗಟ್ಟಿಯಾಗಿಯೇ ಅಂದೆ.