ಮಾವನವರ ನೇರ ಕೊಳವೆ

ಮನೆಯಿಂದ,
ಭಾನುವಾರ, ಹನ್ನೊಂದನೇ ತಾರೀಕು

ಪ್ರೀತಿಯ ನಮ್ಮನೆಯವರಿಗೆ,

ನಮ್ಮನೆಯವರು ಎಂದು ಬರೆಯುವುದು ಅಭ್ಯಾಸಬಲ, ಮನೆಯಲ್ಲಿ ಇರುವುದು ಮಾತ್ರ ನಾವು ಉಳಿದವರು. ಇರಲಿ, ನಿಮ್ಮ ಕೆಮ್ಮು ಹೇಗಿದೆ? ಸುರಂಗದ ತುಂಬ ಗಾಳಿ ಹಾಯಿಸುವ ಕೆಲಸದವರೇ ಸ್ವಂತ ಮೂಗಿಗೊಂದು ಬಟ್ಟೆ ಕಟ್ಟಿಕೊಳ್ಳಲು ಸೋಮಾರಿತನ ಮಾಡಿದರೆ ಯಾರಿಗೆ ಹೇಳುವುದು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅತ್ತೆಯವರ ಮಂಡಿನೋವು ಸಿನಿಮಾ ನೋಡುವಾಗ ಇರುವುದಿಲ್ಲ, ಪಾತ್ರೆ ಕಂಡ ಕೂಡಲೇ ಬರುತ್ತದೆ. ಪುಟ್ಟಿ ದಿನಾ ಸ್ಕೂಲಿನಿಂದ ಬಂದು ಬ್ಯಾಗು ಎಸೆದು ‘ಅಪ್ಪ ಯಾವಾಗ ಬರ್ತಾರೆ’ ಎಂದು ಕೇಳುತ್ತಾಳೆ. ಸುರಂಗ ಮುಗಿದ ಮರುದಿನವೇ ಬಂದುಬಿಡುತ್ತೇನೆ ಎಂದು ಹೇಳಿ ಹೋದವರು ನೀವು. ಮುಂದಿನ ತಿಂಗಳು ಸುರಂಗ ಮುಗಿಯುತ್ತದೆ ಎಂದು ಪೇಪರಿನಲ್ಲೇ ಬಂದಿದೆ. ನಿಮ್ಮ ಹಿಂದಿನ ಕಾಗದದಲ್ಲಿ ಮಾತ್ರ ‘ನೋಡೋಣ’ ಎಂದಿತ್ತು. ಆ ‘ನೋಡೋಣ’ ನನಗೆ ಸ್ವಲ್ಪವೂ ಹಿಡಿಸಲಿಲ್ಲ.

ಸಿನಿಮಾ ಕೋಣೆ ಏನಾಯಿತು ಎಂದು ಕೇಳಿದ್ದಿರಿ. ಬಂದ ಮೇಲೆ ಎಲ್ಲರೂ ಒಟ್ಟಿಗೆ ಕೂತು ನೋಡೋಣ ಎಂದು ನೀವು ಆಸೆಪಟ್ಟದ್ದಕ್ಕೇ ಮಾವನವರು ಸಾಮಾನಿನ ಕೋಣೆ ಖಾಲಿ ಮಾಡಿಸಿ, ಗೋಡೆಗೆಲ್ಲ ದಪ್ಪ ಮೆತ್ತೆ ಹೊಡೆಸಿ, ಕಿಟಕಿ ಮುಚ್ಚಿಸಿ, ಬಾಗಿಲಿನ ಸುತ್ತ ರಬ್ಬರು ಪಟ್ಟಿ ಅಂಟಿಸಿ, ಇರುವೆಯೂ ನುಸುಳದ ಹಾಗೆ ಮಾಡಿದರು. ಸದ್ದು ನುಸುಳದ ಕಡೆ ಗಾಳಿಯೂ ನುಸುಳುವುದಿಲ್ಲ ಎಂಬುದು ಮೊದಲ ಸಿನಿಮಾದ ಅರ್ಧಕ್ಕೆ ತಿಳಿಯಿತು. ಪ್ರೊಜೆಕ್ಟರಿನ ಬಿಸಿ ಒಂದು ಕಡೆ, ನಾಲ್ಕು ಜನರ ಉಸಿರು ಇನ್ನೊಂದು ಕಡೆ. ಅತ್ತೆಯವರು ಹಬೆಯಲ್ಲಿ ಬೆಂದವರಂತೆ ಹೊರಗೆ ಬಂದು ಹಜಾರದ ನೆಲದ ಮೇಲೆ ಉದ್ದಕ್ಕೆ ಮಲಗಿಬಿಟ್ಟರು. ಮಾವನವರು ಒಳಗೇ ತೂಕಡಿಸುತ್ತಿದ್ದರು. ಎಬ್ಬಿಸಿದರೆ ‘ನಿದ್ದೆ ಎಲ್ಲಿ ಬಂತು, ಕಣ್ಣು ಮುಚ್ಕೊಂಡು ಸಂಗೀತ ಕೇಳ್ತಿದ್ದೆ’ ಎಂದರು. ಅಷ್ಟು ಹೊತ್ತಿಗೆ ಸಿನಿಮಾ ಮುಗಿದು ಪರದೆಯ ಮೇಲೆ ಬರೀ ನೀಲಿ ಬಣ್ಣ ಇತ್ತು.

ಆಮೇಲೆ ನಿಮ್ಮ ನಕ್ಷೆ ಬಂತು. ಗಾಳಿಯ ಕೊಳವೆ ಎರಡು ಕಡೆ ತಿರುಗಬೇಕು, ಒಳಮೈಗೆ ಹತ್ತಿಯಂಥ ಮೆತ್ತೆ ಹಾಕಿರಬೇಕು, ಗಾಳಿ ತಿರುವು ದಾಟಿ ಹೋಗುತ್ತದೆ, ಸದ್ದು ಮೆತ್ತೆಯಲ್ಲೇ ಸತ್ತುಹೋಗುತ್ತದೆ ಎಂದು ಬಾಣದ ಗುರುತು ಹಾಕಿ ಚೆನ್ನಾಗಿಯೇ ತೋರಿಸಿದ್ದಿರಿ. ಆದರೆ ಅದು ಸೇರಿದ್ದು ಜೀವಮಾನವಿಡೀ ರೇಖಾಗಣಿತ ಕಲಿಸಿದ ಮಾವನವರ ಕೈಗೆ. ‘ಎರಡು ಬಿಂದುಗಳ ನಡುವೆ ಅತಿ ಹತ್ತಿರದ ದಾರಿ ಸರಳರೇಖೆ. ಇವನಿಗೆ ನಾನೇ ಪಾಠ ಮಾಡಿದ್ದೆ, ಆಗ್ಲೂ ಕಿಟಕಿ ಆಚೆ ನೋಡ್ತಾ ಕೂತಿರ್ತಿದ್ದ’ ಎಂದು ನಿಮ್ಮ ತಿರುವುಗಳನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿ, ನಕ್ಷೆಯ ಮೂಲೆಯಲ್ಲಿ ನೂರಕ್ಕೆ ನಲವತ್ತು ಎಂದು ಅಂಕವನ್ನೂ ಕೊಟ್ಟರು. ತಗಡಿನ ಕೆಲಸದವನು ‘ಮೇಷ್ಟ್ರು ಹೇಳಿದ್ಮೇಲೆ ಮುಗೀತು’ ಎಂದು ಸಂತೋಷವಾಗಿ ತಲೆಯಾಡಿಸಿದ. ತಿರುವಿಲ್ಲದಿದ್ದರೆ ಅವನಿಗೂ ಅರ್ಧ ಕೆಲಸ ಕಡಿಮೆಯಾಯಿತಲ್ಲ. ಮೆತ್ತೆಯಿದ್ದರೆ ಗಾಳಿಗೆ ಅಡ್ಡಿ ಎಂದು ಅದನ್ನೂ ಬಿಡಿಸಿದರು. ಹೊರಗೋಡೆ ಒಡೆಯುವುದು ಏಕೆ, ಅಡುಗೆಮನೆಯಲ್ಲಿ ಹೇಗೂ ಹೊಗೆ ಹೋಗುವ ಕಿಂಡಿ ಇದೆ ಎಂದು ಕೊಳವೆಯನ್ನು ಹಜಾರದ ಅಟ್ಟದ ಮೇಲೆ ನೆಟ್ಟಗೆ ತಂದು, ನಾನು ಒಲೆಯ ಮುಂದೆ ನಿಲ್ಲುವ ಜಾಗದಲ್ಲಿ, ಸರಿಯಾಗಿ ನನ್ನ ನೆತ್ತಿಯ ಮೇಲೆ ಬಾಯಿ ತೆರೆಸಿದರು.

ಗಾಳಿ ಸೊಗಸಾಗಿ ಆಡುತ್ತದೆ, ಸುಳ್ಳು ಹೇಳಬಾರದು. ಸಿನಿಮಾ ಹಾಕಿದಾಗ ಎಲ್ಲರೂ ಒಳಗೇ ಇರುತ್ತೇವಾದ್ದರಿಂದ ಬೇರೇನೂ ಯಾರಿಗೂ ತಿಳಿಯಲಿಲ್ಲ. ಆದರೆ ಸದ್ದು ಆಚೆ ಹೋಗದ ಕೋಣೆ ಮನೆಯಲ್ಲೊಂದು ಇದೆ ಎಂದ ಮೇಲೆ, ಸಿನಿಮಾಕ್ಕಿಂತ ಗುಟ್ಟಿನ ಮಾತಿಗೇ ಅದು ಹೆಚ್ಚು ಬಳಕೆಯಾಯಿತು. ಒಂದು ದಿನ ಅತ್ತೆಯವರು ಫೋನು ಹಿಡಿದು ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ತಮ್ಮ ತಂಗಿಗೆ ‘ಸೊಸೆ ಒಳ್ಳೇವಳೇ ಕಣೇ, ಉಪ್ಪು ಹಾಕೋಕೆ ಮಾತ್ರ ಅವಳ ಕೈ ಏಳಲ್ಲ’ ಎಂದರು. ಮಾತು ಮೇಲಿನ ಕೊಳವೆಯಿಂದ ಬಿತ್ತು. ನಾನು ಸೌಟು ಹಿಡಿದು ಹಾಗೇ ನಿಂತೆ. ಅವತ್ತಿನ ಅಡುಗೆಗೆ ಒಂದು ಚಿಟಿಕೆ ಜಾಸ್ತಿಯೇ ಹಾಕಿದೆ, ಅತ್ತೆಯವರು ಒಂದು ತುತ್ತು ಬಾಯಿಗಿಟ್ಟು ನನ್ನ ಮುಖವನ್ನೇ ನೋಡಿದರು. ಮಾವನವರು ಹಾಡುತ್ತಾರೆ, ನಿಮಗೆ ಗೊತ್ತಿತ್ತೇ? ಒಳಗೆ ಕೂತು, ಶ್ರುತಿ ಎಲ್ಲೋ ತಾಳ ಎಲ್ಲೋ, ಮನಸಾರೆ ಹಾಡುತ್ತಾರೆ. ಗಂಟಲು ಕಟ್ಟಿದ್ದು ಕೇಳಿಸಿ ಬಿಸಿನೀರು ಒಯ್ದು ಕೊಟ್ಟರೆ ಕಳ್ಳನ ಹಾಗೆ ಬೆಚ್ಚಿಬಿದ್ದರು. ಪುಟ್ಟಿಯೋ, ಬೆಕ್ಕನ್ನು ಎತ್ತಿಕೊಂಡು ಹೋಗಿ, ತಾನು ಒಡೆದ ಪಕ್ಕದ ಮನೆಯ ಹೂಕುಂಡವನ್ನು ಒಡೆದದ್ದು ನೀನೇ ಎಂದು ಬೆಕ್ಕನ್ನೇ ಒಪ್ಪಿಸುತ್ತಿದ್ದಳು. ಹೊರಗೆ ಬಂದವಳ ಕೈ ಹಿಡಿದು ನೇರ ಪಕ್ಕದ ಮನೆಗೆ ಕರೆದುಕೊಂಡು ಹೋದೆ. ‘ಇವಳಿಗೆ ಕರ್ಣಪಿಶಾಚಿ ಒಲಿದಿದೆ ಕಣ್ರೀ’ ಎಂದು ಅತ್ತೆಯವರು ಮಾವನವರಿಗೆ ಹೇಳಿದರು, ಅದೂ ಆ ಕೋಣೆಯಲ್ಲೇ. ಗೋಡೆಗೂ ಕಿವಿ ಇರುತ್ತದೆ ಎಂದು ಕೇಳಿದ್ದೆ, ನಮ್ಮ ಗೋಡೆಗೆ ಬಾಯಿಯೇ ಇದೆ. ಹೇಳಿಬಿಡೋಣ ಎನ್ನಿಸುತ್ತಿತ್ತು, ಆದರೆ ಹೇಳಿದರೆ ಮಾವನವರು ಹಾಡುವುದನ್ನು ಬಿಟ್ಟುಬಿಡುತ್ತಾರೆ ಎಂದು ಹೇಳಲಿಲ್ಲ, ಪಾಪ.

ಔಷಧಿ ತಪ್ಪಿಸಬೇಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅತ್ತೆ ಮಾವ ಆಶೀರ್ವಾದ ಕಳಿಸಿದ್ದಾರೆ, ಪುಟ್ಟಿ ಮುತ್ತು ಕಳಿಸಿದ್ದಾಳೆ, ಬೆಕ್ಕು ಏನೂ ಹೇಳಿಲ್ಲ.

ನಿಮ್ಮ ದಾರಿ ನೋಡುತ್ತಿರುವ,
ನಿಮ್ಮವಳು

ಮರೆತಿದ್ದೆ: ಮರೆತಿದ್ದೆ ಎಂಬುದು ಸುಳ್ಳು, ಕಾಗದ ಬರೆಯಲು ಕೂತದ್ದೇ ಇದಕ್ಕೆ. ಗುರುವಾರ ನೀವು ಫೋನು ಮಾಡಿದಾಗ ಮಾವನವರು ಸ್ಪೀಕರ್ ಹಾಕಿಕೊಂಡು ಆ ಕೋಣೆಗೇ ಹೋದರು. ‘ಎರಡನೇ ಸುರಂಗಕ್ಕೂ ಇರ್ತೀನಿ ಅಂದಿದೀನಪ್ಪಾ, ಇನ್ನೆರಡು ವರ್ಷ. ತಿಂಗಳ ಕೊನೆಗೆ ಸಹಿ. ಅವಳಿಗೆ ಈಗ್ಲೇ ಹೇಳ್ಬೇಡಿ, ರಜಕ್ಕೆ ಬಂದಾಗ ನಾನೇ ನಿಧಾನಕ್ಕೆ ಹೇಳ್ತೀನಿ’ ಎಂದಿರಿ. ‘ಯೋಚ್ನೆ ಬಿಡು, ಈ ಕೋಣೆಯಿಂದ ಸದ್ದು ಆಚೆ ಹೋಗಲ್ಲ’ ಎಂದರು ಮಾವನವರು. ನಾನು ಒಲೆ ಆರಿಸಿ ನೆಲದ ಮೇಲೆ ಕೂತುಬಿಟ್ಟೆ. ಎರಡು ವರ್ಷಕ್ಕೆ ಪುಟ್ಟಿ ನನ್ನ ಭುಜಕ್ಕೆ ಬಂದಿರುತ್ತಾಳೆ. ಕೋಪ ಬಂತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು. ಮರುದಿನ ನಾನೇ ಆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ನೀವು ಎದುರಿಗೇ ಕೂತಿದ್ದೀರಿ ಎಂದುಕೊಂಡು ಬಾಯಿಗೆ ಬಂದಂತೆ ಬೈದೆ. ನನಗೆ ಸಿನಿಮಾನೂ ಬೇಡ ಕೋಣೆನೂ ಬೇಡ, ನೀವು ಬೇಕು ಎಂದು ಜೋರಾಗಿ ಅತ್ತುಬಿಟ್ಟೆ. ಕೊಳವೆಯ ನೆನಪೇ ಇರಲಿಲ್ಲ ನೋಡಿ. ಹೊರಗೆ ಬಂದರೆ ಅಡುಗೆಮನೆಯಲ್ಲಿ ಅತ್ತೆಯವರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು, ಮಾವನವರು ಕತ್ತೆತ್ತಿ ಕೊಳವೆಯ ಬಾಯಿಯನ್ನೇ ನೋಡುತ್ತ ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗಿ ‘ಸಹಿ ಹಾಕ್ಬೇಡ ಅಂತ ಬರಿಯಮ್ಮಾ. ನಾನೇ ಹೇಳ್ದೆ ಅಂತಾನೂ ಬರಿ’ ಎಂದರು. ಫೋನಿನಲ್ಲಿ ಹೇಳಿದರೆ ‘ಸರಿಯಾಗಿ ಕೇಳಿಸ್ತಿಲ್ಲ’ ಎನ್ನುತ್ತೀರಿ, ಅದಕ್ಕೇ ಈ ಕಾಗದ. ಸಹಿ ಹಾಕಬೇಡಿ, ಬಂದುಬಿಡಿ. ನನಗೆ ಹೆದರಬೇಡಿ, ಬೈಯುವುದೆಲ್ಲ ಆಗಲೇ ಬೈದಾಗಿದೆ.