ಬೆಣ್ಣೆಯ ಬದಲು ಮಾರ್ಗರೀನ್

ಭಾನುವಾರ, ಹದಿನೇಳನೇ ತಾರೀಖು

ನನ್ನ ಮುದ್ದು ಗೂಬೆ,

ನಾನು ಬರುತ್ತಿದ್ದೇನೆ ಕಣೇ! ಒಂದು ದಿನಕ್ಕಲ್ಲ, ಎರಡು ದಿನಕ್ಕಲ್ಲ, ನೀನೇ ಸಾಕಪ್ಪಾ ಸಾಕು ಎಂದು ಕೈಮುಗಿಯುವವರೆಗೆ. ಹಾಸಿಗೆ ಒಂದೇ ಇದ್ದರೂ ಚಿಂತೆಯಿಲ್ಲ, ಹಾಸ್ಟೆಲ್ಲಿನಲ್ಲಿ ಒಂದೇ ಹೊದಿಕೆಗೆ ಕಿತ್ತಾಡಿದವರಲ್ಲವೇ ನಾವು!

ನಿನ್ನ ಮೂರು ಪತ್ರಗಳಿಗೂ ಉತ್ತರ ಬರೆಯದ ನನ್ನನ್ನು ಮನಸಾರೆ ಬೈದುಕೋ. 'ಮದುವೆಯಾದ ಮೇಲೆ ಕಪ್ಪೆಗೆ ಬಾವಿಯೇ ಲೋಕ' ಎಂದು ಬರೆದಿದ್ದೆಯಲ್ಲ, ಓದಿ ನಕ್ಕುಬಿಟ್ಟೆ. ಈಗ ಈ ಮನೆಯಲ್ಲಿ ನಗು ಎಷ್ಟು ಜೋರಾಗಿ ಕೇಳಿಸುತ್ತದೆ ಎಂದು ಆಗಲೇ ಗೊತ್ತಾಗಿದ್ದು. ಬಾಯಿ ಮುಚ್ಚಿಕೊಂಡೆ. ಹೆದರಿದಾಗಲೇ ನಾನು ಹೆಚ್ಚು ವಟಗುಟ್ಟುವುದು, ನಿನಗೆ ಗೊತ್ತೇ ಇದೆ. ಸಹಿಸಿಕೋ.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ನನ್ನವರು ತುಂಬಾ, ತುಂಬಾ ಒಳ್ಳೆಯವರು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಸಂಜೆ ಬಂದಾಗ ಬೆರಳ ಸಂದಿಯಲ್ಲೆಲ್ಲ ಬಿಳಿ ಪುಡಿ. ಆ ಬೆರಳಲ್ಲೇ ನನ್ನ ಮೂಗು ಮುಟ್ಟಿ, "ಈಗ ನೀನೂ ನಮ್ಮ ಅಂಗಡಿಯವಳೇ" ಅನ್ನುತ್ತಿದ್ದರು. ಅತ್ತೆ ಒಳ್ಳೆಯವರು, ಓರಗಿತ್ತಿ ಒಳ್ಳೆಯವರು. ಭಾವ ಲಾರಿ ಓಡಿಸುತ್ತಾರೆ, ತಿಂಗಳಿಗೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಅವರ ಮಗಳೇ ನಮ್ಮ ಗುಬ್ಬಿ. ನಾನು ಬಂದ ಮೊದಲ ದಿನವೇ ನನ್ನ ಬಳೆಗಳನ್ನೆಲ್ಲ ತನ್ನ ಕೈಗೆ ಹಾಕಿಕೊಂಡು ತಿರುಗಿದವಳು.

ಗುಬ್ಬಿಗೆ ಹಾಲು ಆಗುವುದಿಲ್ಲ. ಹೊಟ್ಟೆನೋವಿನ ಮಾತಲ್ಲ, ಒಂದು ಚಮಚ ಮೊಸರು ನಾಲಿಗೆಗೆ ತಗುಲಿದರೂ ಗಂಟಲು ಊದಿ ಉಸಿರು ಕಟ್ಟುತ್ತದೆ. ಅದಕ್ಕೇ ಈ ಮನೆಯಲ್ಲೊಂದು ಕಟ್ಟಳೆ. ಅಂಗಡಿಯಿಂದ ಬಂದ ಯಾವ ಪೊಟ್ಟಣವೂ ನೇರ ಅಡುಗೆಮನೆಗೆ ಹೋಗುವಂತಿಲ್ಲ. ಅದರ ಮೇಲಿನ ಇಂಗ್ಲಿಷನ್ನು ಕೊನೆಯ ಅಕ್ಷರದವರೆಗೂ ಓದಿ, ಹಾಲಿಲ್ಲವೆಂದು ಖಾತ್ರಿಯಾದರೆ ಕೆಂಪು ಪೆನ್ಸಿಲ್ಲಿನಲ್ಲಿ ಗುರುತು ಹಾಕಬೇಕು. ಮೊದಲೆಲ್ಲ ಓರಗಿತ್ತಿ ಚೀಲ ತುಂಬಿಕೊಂಡು ಕನ್ನಡಕದ ಅಂಗಡಿಗೇ ಹೋಗುತ್ತಿದ್ದರಂತೆ, ನನ್ನವರು ಭೂತಗನ್ನಡಿ ಹಿಡಿದು ಓದುತ್ತಿದ್ದರಂತೆ. ನಾನು ಬಂದ ವಾರವೇ ಅತ್ತೆ ಆ ಪೆನ್ಸಿಲನ್ನು ನನ್ನ ಕೈಗಿಟ್ಟರು. "ಇನ್ಮೇಲೆ ಅಲೆಯೋ ಕಷ್ಟ ತಪ್ತು. ಇಂಗ್ಲಿಷ್ ಮೀಡಿಯಂ ಸೊಸೆ ಬಂದಿದಾಳೆ!" ಎಂದು ಪಕ್ಕದ ಮನೆಗೆ ಕೇಳಿಸುವಂತೆ ಹೇಳಿದರು. ಒಡವೆ ಕೊಟ್ಟಿದ್ದರೂ ನಾನು ಅಷ್ಟು ಹಿಗ್ಗುತ್ತಿರಲಿಲ್ಲ ಕಣೇ.

ಗುಬ್ಬಿಗೆ ಏಳು ತುಂಬಿದ ದಿನ ನಮ್ಮ ಹಾಸ್ಟೆಲ್ ಬಿಸ್ಕತ್ತು ಮಾಡುತ್ತೇನೆಂದೆ. ಅದೇ, ನೀನು ಕಲಿಸಿದ್ದು, ಓವನ್ ಬೇಡದ್ದು. ಸಕ್ಕರೆ, ಕೋಕೋ, ಹಾಲು, ಬೆಣ್ಣೆ ಕುದಿಸಿ, ಓಟ್ಸ್ ಕಲಸಿ, ಚಮಚದಲ್ಲಿ ಕಾಗದದ ಮೇಲೆ ಇಟ್ಟರೆ ತಾನಾಗಿಯೇ ಗಟ್ಟಿಯಾಗುತ್ತದಲ್ಲ. ಹಾಲಿನ ಜಾಗಕ್ಕೆ ಸೋಯಾ ಹಾಲು ಸಿಕ್ಕಿತು. ಬೆಣ್ಣೆಯ ಜಾಗಕ್ಕೆ ಎಣ್ಣೆಯಿಂದ ಮಾಡುವ ಮಾರ್ಗರೀನ್ ತಂದೆ. "ಬೆಣ್ಣೆ ಬಿಟ್ಟು ಬೇರೇನು ಹಾಕಿದ್ರೂ ಅದು ಬಿಸ್ಕತ್ತಲ್ಲ, ಗೋಂದು" ಅನ್ನುತ್ತಿದ್ದೆಯಲ್ಲ ನೀನು, ಅದು ನೆನಪಾಗಿ ಅರ್ಧ ನಿಮಿಷ ಹೆಚ್ಚೇ ಕುದಿಸಿದೆ. ಗಟ್ಟಿಯಾದವು! ಹೊಳೆಯುತ್ತಿದ್ದವು!

ಗುಬ್ಬಿ ತಟ್ಟೆಯನ್ನೇ ನೋಡುತ್ತ ನಿಂತಳು. "ಚಿಕ್ಕಮ್ಮ, ಎಲ್ಲರಿಗೂ ಇದೇನಾ? ನಂಗೆ ಬೇರೆ ಮಾಡಿಲ್ವಾ?"

"ಎಲ್ಲರಿಗೂ ಇದೇ."

"ಓದಿದೀಯಾ?"

"ಓದಿದೀನಿ ಪುಟ್ಟ. ತಿನ್ನು."

ಎರಡು ತಿಂದಳು. ಮೂರನೆಯದು ಕೈಯಲ್ಲಿದ್ದಾಗಲೇ ಕೆಮ್ಮು ಶುರುವಾಯಿತು. ಆಸ್ಪತ್ರೆ ಎರಡೇ ಬೀದಿ ಆಚೆ. ನನ್ನವರು ಎತ್ತಿಕೊಂಡು ಓಡಿದರು, ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು. ಅಷ್ಟರಲ್ಲಿ ಅವಳ ಉಸಿರು ನಿಂತಿತ್ತು. ನಾಲ್ಕೈದು ನಿಮಿಷವಂತೆ.

ಇಪ್ಪತ್ತು ದಿನಗಳ ಮೇಲೆ ಮನೆಗೆ ಬಂದಿದ್ದಾಳೆ. ಜೀವವಿದೆ. ಮಾತಿಲ್ಲ. ಚಮಚ ಹಿಡಿಯಲಾರಳು. ಕರೆದರೆ ಗೋಡೆ ನೋಡುತ್ತಾಳೆ. ಡಾಕ್ಟರು "ಕಾದು ನೋಡೋಣ" ಅನ್ನುತ್ತಾರೆ, ಓರಗಿತ್ತಿ "ಎಷ್ಟು ದಿನ ಸ್ವಾಮಿ?" ಎಂದರೆ ಕಾಗದ ತಿರುವುತ್ತಾರೆ.

ನನ್ನವರು ಆ ಮಾರ್ಗರೀನ್ ಕಾಗದವನ್ನು ಭೂತಗನ್ನಡಿಯಡಿ ಹಿಡಿದು, ಮಡಿಕೆಯೊಳಗೆ ಅಡಗಿದ್ದ ಒಂದು ಸಾಲನ್ನು ಎಲ್ಲರಿಗೂ ತೋರಿಸಿದರು: ಹಾಲಿನ ಅಂಶ ಇರಬಹುದು. "ಸಾಸಿವೆಗಿಂತ ಸಣ್ಣ ಅಕ್ಷರ. ಗಾಜು ಹಿಡ್ಕೊಂಡು ನಾನೇ ಹುಡುಕಬೇಕಾಯ್ತು, ಅವಳಿಗೆ ಹೇಗೆ ಕಾಣ್ಬೇಕು? ಅವಳನ್ನ ಯಾರೂ ಒಂದು ಮಾತೂ ಅನ್ನಬಾರದು" ಎಂದರು. ಯಾರೂ ಅನ್ನಲಿಲ್ಲ. ಓರಗಿತ್ತಿಯಾದರೂ ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು.

ನಿನ್ನೆ ಓರಗಿತ್ತಿ ಉಪ್ಪಿನ ಪೊಟ್ಟಣ ತಂದರು. ಅಭ್ಯಾಸಬಲದಿಂದ ಕೈ ಚಾಚಿದೆ. ಅವರು ನನ್ನ ಮುಖವನ್ನೂ ನೋಡದೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಮತ್ತೆ ಚಪ್ಪಲಿ ಮೆಟ್ಟಿ, ಕನ್ನಡಕದ ಅಂಗಡಿಯ ಕಡೆ ನಡೆದರು. ಉಪ್ಪು ಕಣೇ. ಬರೀ ಉಪ್ಪು.

ಇನ್ನು ಬರೆಯಲಾರೆ. ನಿನ್ನ ಅಮ್ಮನ ಮಂಡಿನೋವು ಕಡಿಮೆಯಾಗಲಿ, ನಿನ್ನ ಪರೀಕ್ಷೆ ಸುಸೂತ್ರವಾಗಿ ಮುಗಿಯಲಿ. ನಿನ್ನ ಅಣ್ಣನ ಮಕ್ಕಳು ಕಿರುಚುತ್ತ, ಮನೆ ರಂಪ ಮಾಡುತ್ತ ನೂರು ವರ್ಷ ಬಾಳಲಿ. ಅವರನ್ನು ಸುಮ್ಮನಿರಿ ಎಂದು ಗದರಬೇಡ.

ನಿನ್ನ,
ಕಪ್ಪೆ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಆ ಸಾಲನ್ನು ನಾನು ಓದಿದ್ದೆ. ಮಡಿಕೆ ಬಿಡಿಸಿಯೇ ಓದಿದ್ದೆ. 'ಇರಬಹುದು' ತಾನೇ, ಎಲ್ಲದರ ಮೇಲೂ ಹಾಗೇ ಹಾಕುತ್ತಾರೆ ಅಂದುಕೊಂಡೆ. ಓಟ್ಸ್ ಅಳೆದಿಟ್ಟಾಗಿತ್ತು, ಬೇರೆ ಮಾರ್ಗರೀನ್ ಬೇಕೆಂದರೆ ಬಸ್ ಹತ್ತಬೇಕಿತ್ತು, ಗುಬ್ಬಿ ಸ್ಟೂಲಿನ ಮೇಲೆ ಕೂತು ಕಾಲಾಡಿಸುತ್ತ "ಆಯ್ತಾ, ಆಯ್ತಾ" ಅನ್ನುತ್ತಿದ್ದಳು. ಕೆಂಪು ಗುರುತು ಹಾಕಿಬಿಟ್ಟೆ.

ಹೋದ ಭಾನುವಾರ ನನ್ನವರಿಗೆ ಹೇಳಿದೆ. "ಮಡಿಕೆ ಬಿಡಿಸಿದ್ಯಾ?" ಅಂದರು. ಹೌದೆಂದೆ. ಎದ್ದು ನಲ್ಲಿಯ ಹತ್ತಿರ ಹೋಗಿ ಬೆರಳ ಸಂದಿಯ ಪುಡಿಯನ್ನು ತೊಳೆದರು, ತುಂಬಾ ಹೊತ್ತು ತೊಳೆದರು. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಮರುದಿನ ನಮ್ಮಿಬ್ಬರ ಊರಿಗೆ ಒಂದು ಟಿಕೆಟ್ ತಂದು ಪೆನ್ಸಿಲ್ಲಿನ ಪಕ್ಕ ಇಟ್ಟರು. ಬರುವುದಕ್ಕೆ ಮಾತ್ರ, ಹಿಂದಿರುಗುವುದಕ್ಕಿಲ್ಲ. ತವರಿಗೆ ಹೋದರೆ ಅಮ್ಮ "ಅಳಿಯಂದಿರೆಲ್ಲಿ?" ಎಂದು ನನ್ನ ಬೆನ್ನ ಹಿಂದೆ ನೋಡುತ್ತಾಳೆ, ಅದನ್ನು ತಡೆಯಲಾರೆ. ನೀನೇ ಸ್ಟೇಷನ್ನಿಗೆ ಬಾ. ಏನೂ ಕೇಳಬೇಡ. ಈ ಗುರುವಾರವಲ್ಲ, ಮುಂದಿನ ಗುರುವಾರ, ಇಪ್ಪತ್ತೆಂಟು. ಬೆಳಗ್ಗೆ ಆರೂ ನಲವತ್ತರ ಪ್ಯಾಸೆಂಜರ್.